ಯಾದಗಿರಿಯ ನಕ್ಷೆ ಯಾದಗಿರಿಯವರೇ ಬರೆಯಲಿ

ಹೊಸದಾಗಿ ತೆರೆದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವುದೇ ಒಳಿತು ಎಂದು ಸಚಿವ ಸಂಪುಟದ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಹೇಳಿತು. ದುಡ್ಡಿಲ್ಲ, ಕಟ್ಟಡವಿಲ್ಲ, ಬೋಧಕರಿಲ್ಲ ಎಂಬುದು ಸರ್ಕಾರದ ವಾದ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕೊಪ್ಪಳ ಆ ಪಟ್ಟಿಯಲ್ಲಿತ್ತು, ಬೀದರ್ ಮಾತ್ರ ಪಾರಾಯಿತು. ಮುಚ್ಚಿ ಎಂದವರೂ ಉಳಿಸಿ ಎಂದವರೂ ಜಗಳ ಆಡಿದ್ದು ಬೋರ್ಡು, ಕುಲಪತಿ, ಜಾಗದ ಬಗ್ಗೆ. ಆ ತರಗತಿಗಳಲ್ಲಿ ಏನು ಕಲಿಸಬೇಕು, ಆ ನೆಲಕ್ಕೆ ಯಾವ ವಿದ್ಯೆ ಬೇಕು ಎಂಬ ಚರ್ಚೆ ನನ್ನ ಕಿವಿಗಂತೂ ಬೀಳಲಿಲ್ಲ.

ಯಾದಗಿರಿಗೆ ಸ್ವಂತ ವಿಶ್ವವಿದ್ಯಾಲಯವಿಲ್ಲ. ಇಲ್ಲಿನ ಕಾಲೇಜುಗಳು ಮೊದಲು ಗುಲ್ಬರ್ಗಾಕ್ಕೆ ಸೇರಿದ್ದವು, ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ. ನಮಗೂ ಒಂದು ಕೊಡಿ ಎಂದು ಕೇಳುವ ಸಾಲಿನಲ್ಲಿ ನಾನಿಲ್ಲ. ಬಿ.ಎ., ಬಿ.ಕಾಂ. ಅಂಕಪಟ್ಟಿ ಅಚ್ಚು ಹಾಕಲು ಇನ್ನೊಂದು ಕಚೇರಿ ಏಕೆ? ನಾನು ಕೇಳುವುದು ಒಂದೇ ಒಂದು ವಿಭಾಗ. ಊರು ಹೇಗೆ ಬೆಳೆಯಬೇಕು, ನೀರು, ರಸ್ತೆ, ಶಾಲೆ, ಕಾರ್ಖಾನೆ ಎಲ್ಲಿ ಬರಬೇಕು ಎಂದು ಕಲಿಸುವ ಪ್ರಾದೇಶಿಕ ಮತ್ತು ನಗರ ಯೋಜನೆಯ ವಿಭಾಗ. ಅದು ಈ ಜಿಲ್ಲೆಯಲ್ಲೇ ಬರಬೇಕು.

ಕೇಳಿದವರು ನಗುತ್ತಾರೆಂದು ಗೊತ್ತು. 2024ರ ಎಸ್ಎಸ್ಎಲ್‌ಸಿಯಲ್ಲಿ ಅರ್ಧದಷ್ಟು ಮಕ್ಕಳು ಮಾತ್ರ ಪಾಸಾಗಿ ರಾಜ್ಯಕ್ಕೇ ಕೊನೆಯಲ್ಲಿ ನಿಂತ ಜಿಲ್ಲೆಗೆ ಪ್ಲಾನಿಂಗ್ ಪದವಿಯೇ ಎಂದು. ಆದರೆ ಹೈಸ್ಕೂಲು ಯಾವ ಊರಿಗೆ ಬಂತು, ತಾಂಡಾದಿಂದ ಅಲ್ಲಿಗೆ ಬಸ್ಸುಂಟೋ ಇಲ್ಲವೋ, ಅಪ್ಪ-ಅಮ್ಮ ಗುಳೆ ಹೋದಾಗ ಮಗಳನ್ನು ಬಿಟ್ಟು ಹೋಗಲು ಹಾಸ್ಟೆಲ್ ಎಷ್ಟು ದೂರ ಎಂಬುದೆಲ್ಲ ಯೋಜನೆಯ ಪ್ರಶ್ನೆಗಳೇ. ಎಸ್ಎಸ್ಎಲ್‌ಸಿ ಫಲಿತಾಂಶ ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಹುಟ್ಟುವುದಿಲ್ಲ.

ದುಡ್ಡಿನ ಕೊರತೆಯ ಮಾತು ನಮ್ಮ ಭಾಗಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಇದಕ್ಕೂ ಮೊದಲು, 2002ರಲ್ಲೇ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಯಾದಗಿರಿಯನ್ನು ಮಹತ್ವಾಕಾಂಕ್ಷೆಯ ಜಿಲ್ಲೆ ಎಂದು ಕರೆಯಿತು. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಮತ್ತೊಂದು ಸಮಿತಿ ಬಂತು. ಅಳೆಯುವವರಿಗೆ ಬರವಿಲ್ಲ. ಅಳೆದ ಮೇಲೆ ಇಲ್ಲೇ ಉಳಿದು ಕೆಲಸ ಮಾಡುವ ತಜ್ಞರು ಬೇಕು. ದುಡ್ಡು ಬಂದಾಗ ಮೊದಲು ನೆನಪಾಗುವುದು ಸಿ.ಸಿ. ರಸ್ತೆ, ಸಮುದಾಯ ಭವನ. ಅವಕ್ಕೆ ಎಸ್ಟಿಮೇಟು ಸಾಕು, ಯೋಜನೆ ಬೇಕಿಲ್ಲ.

ಯೋಜನೆ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಬೇಕಾದವರು ನಾರಾಯಣಪುರ ಎಡದಂಡೆ ಕಾಲುವೆಯ ಗುಂಟ ಒಮ್ಮೆ ಹೋಗಬೇಕು. ಬಸವಸಾಗರ ಜಲಾಶಯ 1982ರದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಗದದಲ್ಲಿದ್ದದ್ದು ಕಡಿಮೆ ನೀರು ಕೇಳುವ ಬೆಳೆ, ಆದಷ್ಟು ಹೆಚ್ಚು ಹೊಲಕ್ಕೆ ನೀರು. ಬಂದದ್ದು ಭತ್ತ. ಭೂಮಿ ಕೈಬದಲಾಯಿತು, ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳು ಎದ್ದವು. ಮೇಲಿನವರ ಗದ್ದೆ ತುಂಬಿ ನಿಂತಾಗ ಕೊನೆಯಂಚಿನ ರೈತ ಕಾಲುವೆಯ ಬಾಯಲ್ಲಿ ಕಾದು ಕುಳಿತ. ನೀರಾವರಿ ಸಲಹಾ ಸಮಿತಿಯ ಸಭೆ ಬಂದಾಗಲೆಲ್ಲ ನೀರು ಎಲ್ಲಿಯವರೆಗೆ, ನೀರಿನ ಸರದಿ ಅಂದರೆ ವಾರಾಬಂದಿ ಹೇಗೆ ಎಂಬ ಜಗಳ ಮತ್ತೆ ಏಳುತ್ತದೆ. 2023ರ ಜನವರಿಯಲ್ಲಿ ಪ್ರಧಾನಿ ಕೊಡೇಕಲ್‌ಗೆ ಬಂದು ಇದೇ ಕಾಲುವೆಯ ಆಧುನೀಕರಣವನ್ನು ಉದ್ಘಾಟಿಸಿದರು. ಅದಕ್ಕೆ ತಗಲಿದ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆ ಗಟ್ಟಿಯಾಯಿತು, ಸರಿ. ಯಾವ ಊರಿನ ಯಾರು ಏನು ಬೆಳೆಯಬೇಕು, ಬೆಳೆದದ್ದು ಎಲ್ಲಿ ಮಾರಾಟವಾಗಬೇಕು, ಕೂಲಿಗೆ ಬಂದವರು ಎಲ್ಲಿ ಇರಬೇಕು ಎಂಬುದನ್ನು ಸಿಮೆಂಟು ತೀರ್ಮಾನಿಸಲಾರದು. ಎಂಜಿನಿಯರರ ಮೇಲೆ ನನಗೆ ಸಿಟ್ಟಿಲ್ಲ. ಒಪ್ಪಿಸಿದ್ದನ್ನು ಅವರು ಕಟ್ಟಿದ್ದಾರೆ. ಗಾರೆ ಕೆಲಸದವನೇ ಮನೆಯ ಯಜಮಾನಿಕೆಯನ್ನೂ ನೋಡಿಕೊಳ್ಳಲಿ ಎಂದರೆ ಹೇಗೋ, ಇಲ್ಲಿ ಆದದ್ದೂ ಹಾಗೆಯೇ.

ಕಡೇಚೂರು–ಬಾಡಿಯಾಳದ ಕಥೆ ಇನ್ನೂ ಕಹಿ. ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೊಲ ಹೋಯಿತು. ಉದ್ಯೋಗದ ಆಸೆ ತೋರಿಸಲಾಯಿತು. ಬಂದವುಗಳಲ್ಲಿ ಔಷಧ, ರಾಸಾಯನಿಕ ಕಾರ್ಖಾನೆಗಳೇ ಹೆಚ್ಚು. ಸುತ್ತಲಿನ ಹಳ್ಳಿಗಳವರು ದುರ್ನಾತದ ವಿರುದ್ಧವೂ ಕೆಲಸಕ್ಕಾಗಿಯೂ ಬೀದಿಗಿಳಿದರು. ಗಾಳಿ ಯಾವ ಕಡೆ ಬೀಸುತ್ತದೆ, ಹಳ್ಳ ಎತ್ತ ಹರಿಯುತ್ತದೆ, ಸೈದಾಪುರ ಭಾಗದ ಹುಡುಗರು ಏನು ಓದಿದ್ದಾರೆ ಎಂದು ಜಮೀನು ಅಳೆಯುವ ಮುಂಚೆ ಕೇಳಬೇಕಿತ್ತು. ಮುಂಚೆ ಕೇಳದ ಕಥೆ ಬೇರೆಡೆಯೂ ಉಂಟು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದು ಜನ ಕಾಯಿಲೆ ಬಿದ್ದ ಮೇಲೆ ತಿಳಿಯಿತು. ಶಹಾಪುರದ ಗೋಗಿಯಲ್ಲಿ ಯುರೇನಿಯಂ ಇದೆ ಎಂದು ಕೊರೆದು ನೋಡಿದವರುಂಟು. ಊರಿನವರ ಆತಂಕವನ್ನು ಕೂತು ಕೇಳಿದವರು ಕಡಿಮೆ.

ಹಳೆಯ ಕಾಲದವರಿಗೆ ನೆಲ ನೋಡಿ ಯೋಜಿಸುವ ವಿವೇಕ ಇರಲಿಲ್ಲವೆಂದೇನಲ್ಲ. ಬೋನಾಳ ಕೆರೆ ಸುರಪುರದ ನಾಯಕ ಅರಸರದು. ಹತ್ತೊಂಬತ್ತನೇ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ಇಂದು ಅಲ್ಲಿ ಪಕ್ಷಿಧಾಮವಿದೆ. ಟೇಲರ್ ಬ್ರಿಟಿಷರ ಆಳು, ಅವನನ್ನು ಹಾಡಿ ಹೊಗಳಬೇಕಿಲ್ಲ. ಆದರೆ ಅವನು ಸುರಪುರದಲ್ಲೇ ಮನೆ ಮಾಡಿ ವರ್ಷಗಟ್ಟಲೆ ಉಳಿದ. ಈಗಿನ ಸಲಹಾ ಸಂಸ್ಥೆಯವರ ಕೆಲಸ ಉಪಗ್ರಹ ಚಿತ್ರ ನೋಡುತ್ತ ಬೆಂಗಳೂರಿನಲ್ಲೇ ಮುಗಿಯಬಹುದು.

ಪ್ಲಾನಿಂಗ್ ಓದಿದವರಿಗೆ ಕೆಲಸವೆಲ್ಲಿದೆ ಎನ್ನುವವರು ನೀತಿ ಆಯೋಗದ 2021ರ ವರದಿ ತೆರೆಯಲಿ. ದೇಶದ ನಗರ ವಸತಿಗಳಲ್ಲಿ ಶೇ 65ರಷ್ಟಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ನಗರ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ಯೋಜಕ ಹುದ್ದೆಗಳು ನಾಲ್ಕು ಸಾವಿರಕ್ಕೂ ಕಡಿಮೆ, ಅವುಗಳಲ್ಲಿ ಶೇ 42 ಖಾಲಿ. ಬೇಕಿರುವವರು 12,000ಕ್ಕೂ ಹೆಚ್ಚು. ಎಷ್ಟೋ ರಾಜ್ಯಗಳಲ್ಲಿ ಈ ಹುದ್ದೆಗೆ ಪ್ಲಾನಿಂಗ್ ಪದವಿ ಕಡ್ಡಾಯವೂ ಅಲ್ಲ ಎಂದು ಅದೇ ವರದಿ ಹೇಳುತ್ತದೆ. ಕೊರತೆ ಇರುವುದು ಕೆಲಸದ್ದಲ್ಲ, ನೇಮಕ ಮಾಡುವ ಮನಸ್ಸಿನದು.

ಯೋಜಕರಿಲ್ಲದ್ದರ ಫಲ ಕಣ್ಣೆದುರಿಗೇ ಇದೆ. 2025ರಲ್ಲಿ ರಾಜ್ಯ ಸರ್ಕಾರ ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ಬಿ-ಖಾತಾ ಎಂಬ ಆಸ್ತಿ ದಾಖಲೆ ಕೊಡಲು ಅಭಿಯಾನ ನಡೆಸಿತು. ಬಡವರ ಸೂರು ಉಳಿಯಿತು, ಅದು ಒಳ್ಳೆಯದೇ. ಆದರೆ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾರಿದವರು ಚರಂಡಿ, ರಸ್ತೆ, ಉದ್ಯಾನದ ಜಾಗ ಬಿಟ್ಟಿದ್ದಾರೆಯೇ ಎಂದು ಆರಂಭದಲ್ಲೇ ನೋಡುವವರಿದ್ದರೆ ಈ ಅಭಿಯಾನ ಏಕೆ ಬೇಕಿತ್ತು? 2011ರ ಜನಗಣತಿಯಲ್ಲಿ ಶಹಾಪುರ, ಸುರಪುರ ತಲಾ ಐವತ್ತು ಸಾವಿರ ದಾಟಿದ್ದವು, ಯಾದಗಿರಿ ಎಪ್ಪತ್ತು ಸಾವಿರ. ಇನ್ನೂ ತಿದ್ದಬಹುದಾದ ಗಾತ್ರದ ಊರುಗಳು ಇವು. ಕೈಮೀರಿದ ಮೇಲೆ ಏನಾಗುತ್ತದೆಂದು ತಿಳಿಯಲು ಬೆಂಗಳೂರಿಗೇ ಹೋಗಬೇಕಿಲ್ಲ, ಅಲ್ಲಿ ಗಾರೆ ಕಲಸಿ ಮರಳಿ ಬಂದ ನಮ್ಮವರನ್ನು ಕೇಳಿದರೆ ಸಾಕು.

ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಇದೆ. ವಿಜಯವಾಡದಲ್ಲಿ ಕೇಂದ್ರದ ಯೋಜನಾ ಶಾಲೆಯೇ ಇದೆ. 371(ಜೆ) ಪ್ರಕಾರ ನಮ್ಮ ಭಾಗದ ಹೊರಗಿನ ರಾಜ್ಯ ಸಂಸ್ಥೆಗಳಲ್ಲಿ ಶೇ 8 ಸೀಟು ನಮ್ಮ ಮಕ್ಕಳಿಗೆ ಉಂಟು. ಆದರೆ ಹುಣಸಗಿಯ ಹುಡುಗಿ ಮೈಸೂರಿನವರೆಗೆ ಹೋಗಿ ಬಾಡಿಗೆ ಕಟ್ಟಿ ಓದುವಳೇ? ಹೋದರೂ ಅಲ್ಲಿ ಅವಳು ಅಳೆಯುವುದು ಮೈಸೂರಿನ ಬಡಾವಣೆಗಳನ್ನು. ಕರಿಮಣ್ಣು, ಭೀಮಾ-ಕೃಷ್ಣೆಯರ ನಡುವಿನ ನೆಲ, ಗುಳೆ, ತಾಂಡಾ, ರೈಲಿಲ್ಲದ ಸುರಪುರ ಆ ಪಾಠದಲ್ಲಿ ಬರುವುದು ಕಷ್ಟ. ಆಲಮಟ್ಟಿ–ಯಾದಗಿರಿ ರೈಲಿಗಾಗಿ ಎಷ್ಟೋ ಕಾಲದಿಂದ ಮನವಿ ಬರೆಯುತ್ತಿದ್ದೇವೆ. ಆ ಮಾರ್ಗ ಬಂದರೆ ಶಹಾಪುರದ ಹತ್ತಿ, ಹುಣಸಗಿಯ ಭತ್ತ ಏನಾದೀತೆಂದು ನಾವೇ ಲೆಕ್ಕ ಹಾಕಿ ಇಟ್ಟಿದ್ದರೆ ಆ ಮನವಿಗೆ ಬೇರೆಯೇ ತೂಕ ಇರುತ್ತಿತ್ತು.

ಹೊಸ ಕಟ್ಟಡದ ಶಂಕುಸ್ಥಾಪನೆಗೆ ಕಾಯುವುದು ಬೇಡ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷ್ಣಾ ಯೋಜನೆಯ ಕಚೇರಿಗಳಿವೆ, ವಸತಿಗೃಹಗಳಿವೆ, ಕೃಷಿ ಕಾಲೇಜಿದೆ. ರಾಯಚೂರಿನ ವಿಶ್ವವಿದ್ಯಾಲಯ ಅಲ್ಲಿ ಎರಡು ವರ್ಷದ ಸ್ನಾತಕೋತ್ತರ ತರಗತಿ ತೆರೆಯಲಿ, ಪಾಠ ಕನ್ನಡದಲ್ಲೂ ನಡೆಯಲಿ, ಖರ್ಚನ್ನು ಪ್ರದೇಶಾಭಿವೃದ್ಧಿ ಮಂಡಳಿ ಹೊರಲಿ. ಸಂವಿಧಾನದ 243-ಝಡ್‌ಡಿ ವಿಧಿಯ ಜಿಲ್ಲಾ ಯೋಜನಾ ಸಮಿತಿಗೆ ಕರಡು ಬರೆದುಕೊಡುವುದೇ ವಿದ್ಯಾರ್ಥಿಗಳ ಪರೀಕ್ಷೆಯಾಗಲಿ. ಜಿಲ್ಲೆಯ ನಾಲ್ವರು ಶಾಸಕರು ಪಕ್ಷ ಮರೆತು ಮುಂದಿನ ಬಜೆಟ್ಟಿಗೆ ಮುನ್ನ ಇದನ್ನು ಬರೆದು ಕೇಳಬೇಕು. ಅವರು ಕೇಳದಿದ್ದರೆ ಓಟು ಕೇಳಲು ಬಂದಾಗ ಏಕೆ ಕೇಳಲಿಲ್ಲವೆಂದು ನಾವು ವಿಚಾರಿಸೋಣ.