ಕೇಳೋದು ಅಗ್ಗ, ಹೇಳೋದು ದುಬಾರಿ

ಇಂಟರ್‌ನೆಟ್ ಬಂದು ಎಲ್ಲರಿಗೂ ಬಾಯಿ ಬಂತು ಅಂತಾರೆ ಪಂಡಿತರು. ಸುಳ್ಳು. ನಮಗೆ ಬಂದದ್ದು ಕಿವಿ. 2016ರಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾದ ಬೆಲೆ ಬಿತ್ತು. ಕೂಲಿಯವನೂ ಫೋನಿನಲ್ಲಿ ಸಿನಿಮಾ ನೋಡಿದ. ಆದರೆ ನಮ್ಮ ಮಾತನ್ನು ನಮ್ಮದೇ ಜಾಗದಲ್ಲಿಟ್ಟು ಹತ್ತು ಜನಕ್ಕೆ ಮುಟ್ಟಿಸುವ ಖರ್ಚು?

ಗೆಳೆಯರೇ, ಕ್ಲೌಡ್ ಅಂದರೆ ಮೋಡವಲ್ಲ. ಯಾರದೋ ಕಟ್ಟಡ, ಯಾರದೋ ಯಂತ್ರ. ಅದಕ್ಕೆ ಬಾಡಿಗೆ ಉಂಟು, ಬಾಡಿಗೆಯ ಮೇಲೆ ಸಾಗಣೆಯ ಸುಂಕವೂ ಉಂಟು. ಅಮೆಜಾನಿನ ಮುಂಬೈ ಸರ್ವರಿಗೆ ನಾವು ತುಂಬುವಾಗ ಸುಂಕವಿಲ್ಲ. ಅಲ್ಲಿಂದ ಓದುಗನ ಕಡೆ ಹೊರಟಿತೋ, ತೂಬಿನ ಬಾಯಲ್ಲೇ ಕಂದಾಯದವನು ಕೂತಿದ್ದಾನೆ. ತಿಂಗಳಿಗೆ ಮೊದಲ 100 ಜಿಬಿ ಬಿಟ್ಟಿ. ಆಮೇಲೆ ಜಿಬಿಗೆ ಸುಮಾರು 11 ಅಮೆರಿಕನ್ ಸೆಂಟು.

ಒಂದು ಭಾಷಣದ ವಿಡಿಯೊ 200 ಎಂಬಿ ಅಂತಿಟ್ಟುಕೊಳ್ಳಿ. 500 ಜನ ನೋಡಿದರೆ ಸುಂಕವಿಲ್ಲ. 10,000 ಜನ ನೋಡಿದರೆ 2,000 ಜಿಬಿ, 200 ಡಾಲರಿಗೂ ಮೇಲೆ. ನಮ್ಮ ದುಡ್ಡಿನಲ್ಲಿ 17,000 ದಾಟುತ್ತದೆ. ಮಾತು ಎಷ್ಟು ಜನಕ್ಕೆ ಮುಟ್ಟಿತೋ ಅಷ್ಟು ದಂಡ! ಭಾರೀ ಗಿರಾಕಿಗೆ ಮಾತ್ರ ಸಾಗಣೆ ಹೆಚ್ಚಿದಂತೆ ದರ ಇಳಿಯುತ್ತದೆ. ಉಳ್ಳವನಿಗೆ ರಿಯಾಯಿತಿ, ಇಲ್ಲದವನಿಗೆ ಪೂರಾ ದರ.

ತಂತಿಯ ಖರ್ಚು ಕಣ್ರೀ ಅಂತಾರೆ. ಹೌದೇ? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಅಮೆಜಾನ್ ಜಿಬಿಗೆ 9 ಸೆಂಟು ಕೀಳುತ್ತದೆ. ಅದೇ ಜರ್ಮನಿಯಲ್ಲಿ ಹೆಟ್ಜ್ನರ್ ಕಂಪನಿ ತಿಂಗಳಿಗೆ ಕೆಲವೇ ಯೂರೋ ಬಾಡಿಗೆಯ ಸರ್ವರಿನ ಜತೆ 20 ಟಿಬಿ, ಅಂದರೆ ಸುಮಾರು 20,000 ಜಿಬಿ ಸಾಗಣೆ ಕೊಡುತ್ತದೆ. ಈ ಬೆಲೆ ಹುಟ್ಟಿದ್ದು ತಂತಿಯಲ್ಲೋ, ಮಾಲೀಕನ ಗಲ್ಲಾಪೆಟ್ಟಿಗೆಯಲ್ಲೋ?

ಬಿಟ್ಟಿ ಜಾಗ ಇದೆಯಲ್ಲ, ಅಲ್ಲೇ ಹಾಕ್ರಪ್ಪ ಅನ್ನುವವರೂ ಇದ್ದಾರೆ. ಪರರ ಜಗಲಿಯಲ್ಲಿ ಮಲಗಿದವನನ್ನು ಯಾವ ಹೊತ್ತಿಗೆ ಎಬ್ಬಿಸುತ್ತಾರೋ ಹೇಳಲಾಗದು. ಜಿಯೋಸಿಟೀಸ್ ಅಂಥ ಬಿಟ್ಟಿ ಜಗಲಿ. 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಮುಚ್ಚಿತು. ಜನ ಕಟ್ಟಿದ ಲಕ್ಷಾಂತರ ಪುಟಗಳು ಬೀದಿಗೆ ಬಿದ್ದವು. ಸ್ವಯಂಸೇವಕರು ಓಡೋಡಿ ನಕಲು ಮಾಡಿಕೊಂಡದ್ದರಿಂದ ಒಂದಷ್ಟು ಉಳಿಯಿತು.

ಹಾಗಾದರೆ ಏನು ಮಾಡೋಣ? ಮೊದಲು, ಬರಹವನ್ನು ಫೋಟೊ ಹೊಡೆದು ಹಾಕುವುದು ಬಿಡೋಣ, ಅಕ್ಷರವಾಗಿಯೇ ಹಾಕೋಣ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹಿಡಿದರೂ ಇಂಥ ಲೇಖನ 100 ಕೆಬಿಯೊಳಗೆ ಮುಗಿಯುತ್ತದೆ. ಆ ಬಿಟ್ಟಿ 100 ಜಿಬಿಯಲ್ಲೇ ಹತ್ತು ಲಕ್ಷ ಜನ ಓದಬಹುದು. ಪ್ರತಿ ಬರಹದ ನಕಲು ನಾಲ್ಕು ಊರಲ್ಲಿ, ನಾಲ್ಕು ಮನೆಯಲ್ಲಿ ಇರಲಿ.

ಎರಡನೆಯದು, ಕೇಳೋಣ. ವಿಶ್ವವಿದ್ಯಾಲಯಗಳನ್ನು ಜೋಡಿಸುವ ನ್ಯಾಷನಲ್ ನಾಲೆಜ್ ನೆಟ್‌ವರ್ಕಿಗೆ ಕೇಂದ್ರ ಸರ್ಕಾರ 2010ರಲ್ಲಿ 5,990 ಕೋಟಿ ರೂಪಾಯಿ ಒಪ್ಪಿತು. ಬೆಂಕಿಪೊಟ್ಟಣ ಕೊಂಡವನೂ ಕಟ್ಟಿದ ತೆರಿಗೆ ಅದು. ಆ ತಂತಿ ಮುಟ್ಟಿದ ಸರ್ವರ್ ಕೋಣೆಗಳಲ್ಲಿ ಸಣ್ಣ ಪತ್ರಿಕೆಗೆ, ಹಳ್ಳಿ ಶಾಲೆಗೆ ಒಂದೊಂದು ಗೂಡು ಯಾಕಿಲ್ಲ? ವಿದ್ಯಾರ್ಥಿಗಳೇ, ಮೇಷ್ಟ್ರುಗಳೇ, ನಿಮ್ಮ ಕುಲಪತಿಗಳ ಮೇಜಿನ ಮೇಲೆ ಈ ಪ್ರಶ್ನೆ ಇಡಿ. ಉತ್ತರ ಬರುವ ತನಕ ಏಳಬೇಡಿ.