ಪ್ರೇಕ್ಷಕ ಯಾರ ಸಾಲಗಾರನೂ ಅಲ್ಲ

ಕನ್ನಡ ಚಲನಚಿತ್ರವೊಂದು ತೆರೆಕಂಡ ಮೂರು ದಿನಗಳಲ್ಲೇ ಚಿತ್ರಮಂದಿರದಿಂದ ಹೊರಬಿದ್ದಾಗಲೆಲ್ಲ ಒಂದು ಆರೋಪ ತಪ್ಪದೆ ಕೇಳಿಬರುತ್ತದೆ: ಕನ್ನಡಿಗರೇ ಕನ್ನಡ ಚಿತ್ರ ನೋಡುವುದಿಲ್ಲ, ಇವರಿಗೆ ಭಾಷಾಭಿಮಾನವಿಲ್ಲ. ನಿರ್ದೇಶಕರು ಕ್ಯಾಮೆರಾದ ಮುಂದೆ ಕಣ್ಣೀರಿಡುತ್ತಾರೆ, ನಿರ್ಮಾಪಕರು ಕೈಮುಗಿಯುತ್ತಾರೆ, ನಾವು ನೀವೆಲ್ಲ ಮನೆಯಲ್ಲಿ ಕುಳಿತು ಏನೋ ಅಪರಾಧ ಮಾಡಿದವರಂತೆ ತಲೆ ತಗ್ಗಿಸುತ್ತೇವೆ. ಈ ಆರೋಪದ ಒಡಲಲ್ಲಿರುವ ನಂಬಿಕೆಯನ್ನೇ ನಾನು ಇಂದು ಪ್ರಶ್ನಿಸುತ್ತಿದ್ದೇನೆ. ಚಿತ್ರವನ್ನು ತಯಾರಿಸಿದ ಮಾತ್ರಕ್ಕೆ ಪ್ರೇಕ್ಷಕನು ಅದಕ್ಕೆ ಬಾಕಿದಾರನಾಗುತ್ತಾನೆಯೇ? ಇಲ್ಲ ಎಂಬುದು ನನ್ನ ಖಚಿತವಾದ ಉತ್ತರ.

ಇದನ್ನು ನಿಷ್ಠುರತೆಯಿಂದ ಬರೆಯುತ್ತಿಲ್ಲ. ನನ್ನಲ್ಲಿ ಓದಿದ ಹುಡುಗನೊಬ್ಬ ಊರಿನ ಜಮೀನನ್ನು ಅಡವಿಟ್ಟು ಚಿತ್ರ ಮಾಡಿದ. ಅದು ನಿಲ್ಲಲಿಲ್ಲ. "ಸಾರ್, ಕನ್ನಡ ಚಿತ್ರ ನೋಡುವುದು ಕನ್ನಡಿಗರ ಕರ್ತವ್ಯ ಎಂದು ನೀವೊಮ್ಮೆ ಬರೆಯಿರಿ" ಎಂದು ಕೇಳಿದ. ಅವನ ನೋವು ನನ್ನದೂ ಹೌದು. ಆದರೆ ಅವನು ಕೇಳಿದ್ದನ್ನು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಆ ಮಾತು ಚಿತ್ರವನ್ನೂ ಉಳಿಸದು, ಭಾಷೆಯನ್ನೂ ಉಳಿಸದು.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಹಾಜರಿಗೂ ಗಮನಕ್ಕೂ ಇರುವ ಅಂತರವನ್ನು ಯಾರೂ ವಿವರಿಸಬೇಕಾಗಿಲ್ಲ. ಗಂಟೆ ಬಾರಿಸಿದರೆ ಮಕ್ಕಳು ಬಂದು ಕೂರುತ್ತಾರೆ. ಹಾಜರಿ ಪುಸ್ತಕ ತುಂಬುತ್ತದೆ. ಅದು ಇಲಾಖೆಯ ನಿಯಮದ ಬಲ. ಆದರೆ ಕಿಟಕಿಯಾಚೆ ನೋಡುತ್ತಿರುವ ಹುಡುಗನ ಕಣ್ಣನ್ನು ಕರಿಹಲಗೆಯ ಕಡೆಗೆ ತಿರುಗಿಸಲು ಯಾವ ಸುತ್ತೋಲೆಗೂ ಸಾಧ್ಯವಿಲ್ಲ. ಅದನ್ನು ಉಪಾಧ್ಯಾಯನು ಪ್ರತಿದಿನ, ಪ್ರತಿ ಪೀರಿಯಡ್ಡಿನಲ್ಲಿ ಹೊಸದಾಗಿ ಸಂಪಾದಿಸಬೇಕು. ಚಿತ್ರಮಂದಿರದಲ್ಲಾದರೋ ಹಾಜರಿಯ ನಿಯಮವೂ ಇಲ್ಲ. ಅಲ್ಲಿಗೆ ಬರುವವನು ತನ್ನ ದುಡ್ಡು ಕೊಟ್ಟು, ತನ್ನ ಜೀವಮಾನದ ಎರಡೂವರೆ ಗಂಟೆಯನ್ನು ಒಪ್ಪಿಸಿ ಕೂರುತ್ತಾನೆ. ಅದು ಅವನು ಕೊಡುವುದೇ ಹೊರತು ತೀರಿಸುವುದಲ್ಲ.

ಹಾಜರಿಯನ್ನು ಕಡ್ಡಾಯ ಮಾಡುವ ಒಂದು ಪ್ರಯತ್ನವನ್ನು ನಮ್ಮ ನಾಡು ಕಂಡಿದೆ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆದಾಗ ಅದಕ್ಕೆ ಅರ್ಥವಿತ್ತು. ಆಗ ಕನ್ನಡ ಚಿತ್ರೋದ್ಯಮ ಎಳೆಯ ಸಸಿ. ನಮ್ಮ ಕಲಾವಿದರು, ತಂತ್ರಜ್ಞರು ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿದ್ದ ಕಾಲ. ಸಸಿಗೆ ಬೇಲಿ ಬೇಕು. ಆದರೆ ಮರವಾದ ಮೇಲೂ ಬೇಲಿಯನ್ನು ಬಿಚ್ಚಲಿಲ್ಲ. ಯಾವ ಕಾನೂನಿನ ಆಧಾರವೂ ಇಲ್ಲದ ಆ ಅಘೋಷಿತ ನಿಷೇಧ ದಶಕಗಳ ಕಾಲ ಮುಂದುವರಿಯಿತು. ಕಡೆಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದನ್ನು ಸ್ಪರ್ಧಾವಿರೋಧಿ ಎಂದು ಹೇಳಿ ದಂಡ ವಿಧಿಸಬೇಕಾಯಿತು. ಫಲವೇನಾಯಿತು? ಡಬ್ಬಿಂಗ್ ಇಲ್ಲದ್ದರಿಂದ ಪ್ರೇಕ್ಷಕನು ಕನ್ನಡ ಚಿತ್ರಕ್ಕೇ ಬರಲಿಲ್ಲ. ತಮಿಳು, ತೆಲುಗು, ಹಿಂದಿ ಚಿತ್ರಗಳನ್ನು ಆಯಾ ಭಾಷೆಗಳಲ್ಲೇ ನೋಡಿ, ಆ ಭಾಷೆಗಳನ್ನೇ ಕಲಿತ. ಕನ್ನಡವನ್ನು ಕಾಯಲು ಹೊರಟವರು ಕನ್ನಡದ ಕಿವಿಯನ್ನು ಪರಭಾಷೆಗೆ ಒಪ್ಪಿಸಿದರು.

ಇನ್ನು ಕರ್ತವ್ಯದ ಬೆಲೆಯನ್ನೂ ನೋಡೋಣ. ನಾಲ್ವರ ಸಂಸಾರಕ್ಕೆ ತಲೆಗೆ 200 ರೂಪಾಯಿಯಂತೆ ಟಿಕೆಟ್ಟಿಗೇ 800 ರೂಪಾಯಿ. ಬಸ್ಸು, ಆಟೋ, ಮಕ್ಕಳ ತಿಂಡಿ ಬೇರೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದಾಗ, ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಕನ್ನಡದ್ದೇ ಆದ ನಿರ್ಮಾಣ ಸಂಸ್ಥೆಯೊಂದೂ ಇತ್ತು. ಅದೇ ತಿಂಗಳು ಆ ಆದೇಶಕ್ಕೆ ಮಧ್ಯಂತರ ತಡೆಯೂ ಸಿಕ್ಕಿತು. ದರ ನಿಗದಿಯ ವಿಷಯದಲ್ಲಿ ವ್ಯಾಪಾರದ ಸ್ವಾತಂತ್ರ್ಯವನ್ನು ಕೇಳುವುದು ಅವರ ಹಕ್ಕು, ನನ್ನ ಆಕ್ಷೇಪವಿಲ್ಲ. ಆದರೆ ಮಾರುವಾಗ ವ್ಯಾಪಾರ, ಮಾರಾಟವಾಗದಿದ್ದಾಗ ನಾಡುನುಡಿಯ ಸೇವೆ ಎಂಬ ಎರಡು ತಕ್ಕಡಿ ಸಲ್ಲದು. ಡಾ. ರಾಜಕುಮಾರ್ ಅವರು ಪ್ರೇಕ್ಷಕರನ್ನು ಅಭಿಮಾನಿ ದೇವರುಗಳು ಎಂದು ಕರೆದರು. ದೇವರು ಒಲಿಯಲಿಲ್ಲವೆಂದು ಭಕ್ತನು ನೊಂದುಕೊಳ್ಳಬಹುದು. ಹುಂಡಿಯ ಲೆಕ್ಕ ಹಿಡಿದು ದೇವರನ್ನೇ ಗದರಿಸುವುದುಂಟೇ?

ಹಾಗಾದರೆ ಚಿತ್ರ ತಯಾರಕನಿಗೆ ಯಾವ ಹಕ್ಕೂ ಇಲ್ಲವೇ? ಖಂಡಿತ ಇದೆ. ಪ್ರೇಕ್ಷಕನ ಮನೆಬಾಗಿಲವರೆಗೆ ಹೋಗುವ ಹಕ್ಕು ಇದೆ. ಒಳಗೆ ಕರೆಯುವುದು ಬಿಡುವುದು ಮನೆಯವನಿಗೆ ಸೇರಿದ್ದು. 1970ರ 'ಸಂಸ್ಕಾರ' ಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರವನ್ನೇ ನಿರಾಕರಿಸಿತ್ತು. ಮುಂದೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ಅಂದು ನಡೆದದ್ದು ಹಕ್ಕಿನ ಉಲ್ಲಂಘನೆ. ಗಿರೀಶ ಕಾಸರವಳ್ಳಿಯವರು 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳಿಗೆ ನಾಲ್ಕು ಬಾರಿ ಸ್ವರ್ಣಕಮಲ ಪಡೆದರು. ನಮ್ಮ ಜಿಲ್ಲೆ, ತಾಲ್ಲೂಕುಗಳ ಎಷ್ಟು ಜನರಿಗೆ ಅವುಗಳನ್ನು ಪರದೆಯ ಮೇಲೆ ನೋಡುವ ಅವಕಾಶ ದೊರೆಯಿತು? ನೋಡಿ ಬೇಡವೆನ್ನುವುದು ಬೇರೆ, ನೋಡಲು ಸಿಗದಿರುವುದು ಬೇರೆ. ಸಣ್ಣ ಚಿತ್ರಕ್ಕೆ ಬೆಳಗಿನ ಹತ್ತು ಗಂಟೆಯ ಒಂದೇ ಪ್ರದರ್ಶನ ಕೊಟ್ಟು "ಜನ ಬರಲಿಲ್ಲ" ಎನ್ನುವುದು ಅನ್ಯಾಯ. ಆ ದೂರನ್ನು ವಿತರಕರ ಮುಂದೆ, ಸರ್ಕಾರದ ಮುಂದೆ ಗಟ್ಟಿಯಾಗಿಯೇ ಹೇಳಬೇಕು. ತಯಾರಿಕೆಗೆ ಕೊಡುವ ಸಹಾಯಧನದ ಒಂದು ಪಾಲನ್ನು ಪ್ರದರ್ಶನಕ್ಕೆ ತಿರುಗಿಸಿದರೆ ಎಷ್ಟೋ ಚಿತ್ರಗಳು ಡಬ್ಬದಿಂದ ಹೊರಬಂದಾವು. ಆದರೆ ಆ ತಪ್ಪಿಗೆ ಪ್ರೇಕ್ಷಕನನ್ನು ಹೊಣೆ ಮಾಡುವುದು, ಬಸ್ಸೇ ಬರದ ಊರಿನ ಮಕ್ಕಳಿಗೆ ತಡವಾಗಿ ಬಂದಿರೆಂದು ಬೆಂಚಿನ ಮೇಲೆ ನಿಲ್ಲಿಸಿದಂತೆ.

ಪ್ರೇಕ್ಷಕರನ್ನು ಬೆಳೆಸಲು ಸಾಧ್ಯವೆಂಬುದಕ್ಕೆ ಹೆಗ್ಗೋಡು ಸಾಕ್ಷಿ. ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜದ ಮೂಲಕ ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು, ಅವುಗಳ ಬಗ್ಗೆ ಮಾತನಾಡಿದರು, ಮಾತನಾಡಿಸಿದರು. ನಿಮಗೆ ಅಭಿರುಚಿಯಿಲ್ಲವೆಂದು ರೈತರನ್ನು ಬೈಯಲಿಲ್ಲ. 2013ರಲ್ಲಿ ತೆರೆಕಂಡ 'ಲೂಸಿಯಾ'ಕ್ಕೆ ಪವನ್ ಕುಮಾರ್ ಜನರಿಂದಲೇ ಹಣ ಕೂಡಿಸಿದ್ದರು. ಚಿತ್ರ ಆಗುವ ಮೊದಲೇ ಅದಕ್ಕೆ ಕಾಯುವವರಿದ್ದರು. 2025ರಲ್ಲಿ 'ಸು ಫ್ರಮ್ ಸೋ' ಬಂದಾಗ ದೊಡ್ಡ ತಾರೆಯರ ಅಬ್ಬರವಿರಲಿಲ್ಲ. ನೋಡಿದವರು ಪಕ್ಕದ ಮನೆಯವರಿಗೆ ಹೇಳಿದರು, ಪ್ರದರ್ಶನಗಳು ಹೆಚ್ಚಿದವು. ಅಲ್ಲಿ ಸೇರಿದ ಜನರಿಗೆ ಯಾರೂ ಕರ್ತವ್ಯವನ್ನು ಬೋಧಿಸಿರಲಿಲ್ಲ. ಅವರೂ ಕನ್ನಡಿಗರೇ, ಭಾಷಾಭಿಮಾನವಿಲ್ಲದವರೆಂದು ಬೈಸಿಕೊಂಡವರೇ.

ಒಳ್ಳೆಯ ಚಿತ್ರಗಳೆಲ್ಲ ಗೆಲ್ಲುತ್ತವೆಂದು ನಾನು ಹೇಳಲಾರೆ. ಸೋತ ಒಳ್ಳೆಯ ಚಿತ್ರಗಳಿವೆ, ಗೆದ್ದ ಕಳಪೆ ಚಿತ್ರಗಳೂ ಇವೆ. ಪ್ರೇಕ್ಷಕನ ತೀರ್ಪು ಕಲೆಯ ಕೊನೆಯ ತೀರ್ಪಲ್ಲ. ಆದರೂ ಅದು ಅವನ ತೀರ್ಪು. ಕಲಾವಿದನು ಆ ಅಪಾಯವನ್ನು ಅರಿತೇ ಕೆಲಸಕ್ಕೆ ಇಳಿಯಬೇಕು.

ಆದುದರಿಂದ, ಮಕ್ಕಳೇ, ಬಂಧುಗಳೇ, ಕನ್ನಡ ಚಿತ್ರಗಳನ್ನು ನೋಡಿ. ಋಣ ತೀರಿಸಲೆಂದು ನೋಡಬೇಡಿ, ಕುತೂಹಲದಿಂದ ನೋಡಿ. ಚೆನ್ನಾಗಿದ್ದರೆ ನಾಲ್ಕು ಜನರಿಗೆ ಹೇಳಿ. ಚೆನ್ನಾಗಿಲ್ಲದಿದ್ದರೆ ಅದನ್ನೂ ಅಂಜದೆ ಹೇಳಿ. ದಾಕ್ಷಿಣ್ಯಕ್ಕೆ ತಟ್ಟಿದ ಚಪ್ಪಾಳೆಯಿಂದ ಯಾವ ವಿದ್ಯಾರ್ಥಿಯೂ ಪಾಸಾಗಲಿಲ್ಲ, ಯಾವ ಭಾಷೆಯೂ ಬೆಳೆಯಲಿಲ್ಲ.