ಹೋದವಳ ಹೆಸರು ಹಾಡಿನಲ್ಲಿ ಬೇಡ

ಬ್ಯಾಡಗಿಯ ಸೋದರಿಯೊಬ್ಬರು ಬರೆದ ಕಾಗದ ಈ ಸಲ ಮುಂದಿದೆ. ಅವರ ಮಾತಿನಲ್ಲೇ ಕೇಳಿ:

"ಅಕ್ಕಾರ, ನನ್ನ ತಮ್ಮಗ 23 ವರ್ಷ. ಒಂದು ಹುಡುಗಿ ಮ್ಯಾಲ ಮೂರು ವರ್ಷ ಮನಸ್ಸಿಟ್ಟಿದ್ದ. ಯುಗಾದಿ ಆದಮ್ಯಾಲ ಹಿರ್‍ಯಾರು ಗೊತ್ತುಮಾಡಿ ಆಕೀನ್ನ ರಾಣೇಬೆನ್ನೂರಿಗೆ ಕೊಟ್ಟರು. ಈಗ ಇಂವಾ ರಾತ್ರಿ ಎಲ್ಲಾ ಕೀಬೋರ್ಡು, ಮೊಬೈಲು ಹಿಡಕೊಂಡು ಆಕಿ ಮ್ಯಾಲ ಹಾಡು ಮಾಡಾಕತ್ತಾನ. ಹಾಡು ಚಲೋನ ಐತಿ. ಆದ್ರ ಪಲ್ಲವಿಯೊಳಗ ಆಕಿ ಹೆಸರು, ಎರಡನೇ ನುಡಿಯೊಳಗ ಆಕಿ ಓಣಿ ಹೆಸರು, ಕಡೀಕ 'ಮೋಸಗಾತಿ' ಅಂತ ಬೈಗಳ. ಗಣಪತಿ ಹಬ್ಬಕ್ಕ ಡಿಜೆದಾಗ ಹಚ್ಚಸ್ತೀನಿ ಅಂತಾನ. ಅಪ್ಪಾರು 'ಮಷೀನಿನ ಹಾಡು ಅದೇನು ಹಾಡು' ಅಂತ ಒದರ್‍ತಾರ. ನಾ ತಡೀಲ್ಯೋ ಬಿಡ್ಲ್ಯೋ?"

ಸೋದರಿ, ತಡೆಯಬೇಡಿ. ಮನಸ್ಸು ಮುರಿದ ಹುಡುಗರು ಏನೇನು ದಾರಿ ಹಿಡಿಯುತ್ತಾರೆಂಬುದು ನಿಮಗೂ ಗೊತ್ತು. ಕೂತು ಹಾಡು ಕಟ್ಟುವವನಿಂದ ಮನೆಗೆ ಅಪಾಯವಿಲ್ಲ. ಆದರೆ ಹೆಸರು, ಓಣಿ ಎರಡೂ ಹೋಗಲೇಬೇಕು. ಇದರಲ್ಲಿ ರಾಜಿ ಬೇಡ.

ಯಾಕೆಂದು ಅವನಿಗೆ ಹೀಗೆ ಹೇಳಿ. ಆ ಹುಡುಗಿ ಅತ್ತೆಮನೆಗೆ ಹೋಗಿ ಇನ್ನೂ ಕೆಲವು ತಿಂಗಳು. ಉಪ್ಪಿನ ಡಬ್ಬಿ ಎಲ್ಲಿದೆ, ಮಾವನವರಿಗೆ ಚಹಾ ಎಷ್ಟು ಹೊತ್ತಿಗೆ ಬೇಕು ಎಂಬುದು ಈಗೀಗ ತಿಳಿದಿರುತ್ತದೆ. ಬ್ಯಾಡಗಿಯ ಹಾಡು ರಾಣೇಬೆನ್ನೂರಿನ ಮೈದುನನ ಮೊಬೈಲಿಗೆ ಬರಲು ಒಂದು ಸಂಜೆ ಸಾಕು. ಆಕೆ ಚಹಾ ಹಿಡಿದು ಪಡಸಾಲೆಗೆ ಬರುವ ಹೊತ್ತಿಗೆ ಅವಳ ಹೆಸರೇ ಅಲ್ಲಿ ಕುಣಿಯುತ್ತಿದ್ದರೆ ಅತ್ತೆಗೆ ಏನು ಹೇಳಬೇಕು? ಗಂಡನಿಗೆ ಏನು ಹೇಳಬೇಕು? ಕ್ಯಾಸೆಟ್ಟಿನ ಕಾಲವಾಗಿದ್ದರೆ ಅಂಗಡಿಯಿಂದ ವಾಪಸು ತರಿಸಬಹುದಿತ್ತೇನೋ. ಫೋನಿನಿಂದ ಫೋನಿಗೆ ಹೋದದ್ದನ್ನು ಹಾಡಿದವನೂ ಅಳಿಸಲಾರ.

ಇನ್ನು 'ಮೋಸಗಾತಿ'. ಹಿರಿಯರು ಗೊತ್ತುಮಾಡಿದರೆಂದು ನೀವೇ ಬರೆದಿದ್ದೀರಿ. ಹಾಗಾದರೆ ಮೋಸ ಮಾಡಿದವರು ಯಾರು? ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹಾವೇರಿಯವರೆಗೆ ಜಾತ್ರೆಯಲ್ಲಿ, ಟ್ರ್ಯಾಕ್ಟರಿನಲ್ಲಿ, ಮೆರವಣಿಗೆಯಲ್ಲಿ ಈಗ 'ಜಾನಪದ' ಎಂಬ ಹೆಸರಿನಲ್ಲಿ ಕೇಳಿಬರುವ ಕೀಬೋರ್ಡಿನ ಹಾಡುಗಳನ್ನು ನಾನೂ ಕೇಳುತ್ತೇನೆ. ಕಾಲು ತಾನೇ ಕುಣಿಯುತ್ತದೆ, ಭಾಷೆ ಜೀವಂತ. ಆದರೆ ಎಷ್ಟೋ ಹಾಡುಗಳಲ್ಲಿ ಹುಡುಗಿಗೆ ಬಾಯೇ ಇಲ್ಲ. ಬಿಟ್ಟುಹೋದಳು, ಹಾಳಾಗಲಿ, ಅಷ್ಟೇ. ಅಂಥದೊಂದು ಹಾಡನ್ನು ನಿಮ್ಮ ತಮ್ಮ ಮಾಡದಿದ್ದರೆ ಯಾರಿಗೂ ನಷ್ಟವಿಲ್ಲ.

ಹೆಸರು ತೆಗೆದರೆ ಹಾಡು ಸಪ್ಪೆಯಾಗುತ್ತದೆ ಎಂದಾನು. ಆಗ ಒಡಪಿನ ನೆನಪು ಮಾಡಿಕೊಡಿ. ಗಂಡನ ಹೆಸರನ್ನು ಥಟ್ಟನೆ ಹೇಳದೆ, ಹೂವು, ಬಟ್ಟಲು, ದೇವರು ಎಂದು ಊರೆಲ್ಲ ಸುತ್ತಿಸಿ ಕೊನೆಗೆ ಮುಟ್ಟಿಸುವ ವಿದ್ಯೆ ನಮ್ಮ ಹೆಣ್ಣುಮಕ್ಕಳದು. ಆ ಸುತ್ತಾಟದ ದಾರಿಯೇ ಚೆಂದ. ಅವನೂ ಸುತ್ತಾಡಲಿ, ಕೊನೆಗೆ ಮುಟ್ಟಿಸುವುದೊಂದನ್ನು ಬಿಡಲಿ. ಅವಳು ಕಟ್ಟಿಕೊಡುತ್ತಿದ್ದ ಮಂಡಕ್ಕಿಯ ಪೊಟ್ಟಣವೋ, ಬಸ್ಸಿನಲ್ಲಿ ಕಾಯ್ದಿಟ್ಟ ಸೀಟೋ, ವಾಪಸು ಕೊಡದೆ ಉಳಿದ ಒಂದು ಪೆನ್ನೋ, ಯಾವುದಾದರೂ ಒಂದೇ ವಸ್ತುವನ್ನು ಹಿಡಿಯಲಿ. 'ನನ್ನ ಎದೆ ಒಡೆದಿದೆ' ಎಂದು ಹತ್ತು ಸಲ ಹೇಳುವುದಕ್ಕಿಂತ ಆ ಪೆನ್ನು ಹೆಚ್ಚು ಕೆಲಸ ಮಾಡುತ್ತದೆ. ನಿಮ್ಮೂರಿನ ಮೆಣಸಿನಕಾಯಿಯ ಹಾಗೆ ಹಾಡಿರಲಿ: ಬಣ್ಣ ಗಾಢ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಾಯಿಗೆ ದೇಶವೆಲ್ಲ ಬೆಲೆ ಇರುವುದು ಬಣ್ಣಕ್ಕೇ ಅಲ್ಲವೇ?

ತಂದೆಯವರ 'ಮಷೀನಿನ ಹಾಡು' ಎಂಬ ಆಕ್ಷೇಪಕ್ಕೆ ಬರೋಣ. ಸಂಗೀತದ ಪಾಠ ನಡೆಯುವ ಮನೆಗಳಲ್ಲಿ ತಂಬೂರಿಯ ಜಾಗದಲ್ಲಿ ಪುಟ್ಟದೊಂದು ಪೆಟ್ಟಿಗೆ ಝೇಂಕರಿಸುವುದನ್ನು ಅವರು ಕೇಳಿರಬಹುದು. ಆ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ಮಾಡಿದವರು ಬೆಂಗಳೂರಿನವರೇ, ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್, ಎಂಜಿನಿಯರು, ಕೊಳಲು ನುಡಿಸುವವರು. ಅದಕ್ಕೂ ಹತ್ತು ವರ್ಷ ಹಿಂದೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಎಂಬ ದೊಡ್ಡ ಸಂಗೀತಯಂತ್ರ ಬಂದಾಗ ಅದರಲ್ಲಿ ಕೃತಿ ರಚಿಸಿದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಪಖವಾಜ್ ನುಡಿಸುತ್ತಿದ್ದ ಹೆಣ್ಣುಮಗಳು! (ಇದು ಗಂಡುಹುಡುಗರ ಕೆಲಸ ಎಂದುಕೊಂಡ ನಮ್ಮ ಓದುಗಿಯರಿಗಾಗಿ ಈ ಮಾತು.)

ಕಳೆದ ಪ್ರೀತಿಗೂ ಯಂತ್ರಕ್ಕೂ ನಂಟು ಹಳೆಯದು. ತಪ್ಪಿದ ಸ್ವರವನ್ನು ತಿದ್ದುವ 'ಆಟೋಟ್ಯೂನ್' 1997ರಲ್ಲಿ ಬಂತು. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ಭೂಮಿಯೊಳಗಿನ ಎಣ್ಣೆ ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಮರುವರ್ಷವೇ ಅಮೆರಿಕದ ಗಾಯಕಿ ಶೇರ್, ಬಿಟ್ಟುಹೋದವನ ಕುರಿತ 'ಬಿಲೀವ್' ಹಾಡಿನಲ್ಲಿ ಅದನ್ನು ವಿಪರೀತಕ್ಕೆ ಎಳೆದರು. ದನಿ ಚೂರುಚೂರಾಗಿ ಕೇಳಿತು, ಲೋಕ ಮೆಚ್ಚಿತು. ಆ ಹಾಡಿನ ಓಟವೂ ಜೋರೇ, ನಿಮಿಷಕ್ಕೆ 130ಕ್ಕೂ ಮೀರಿದ ಪೆಟ್ಟು. ದುಃಖದ ಹಾಡು ಎಂದರೆ ನಿಧಾನವಾಗಿಯೇ ಇರಬೇಕೆಂಬ ನಿಯಮವಿಲ್ಲ. ಡಿಜೆಗೆ ಕುಣಿಯುವವರು ಕುಣಿಯಲಿ, ಅಳುವವರು ಒಳಗೊಳಗೇ ಅಳಲಿ.

ಈಗ ಕೆಲಸದ ಮಾತು. ಮೊದಲು ಕೀಬೋರ್ಡು ಮುಚ್ಚಿಡಲಿ. ಕೈಯಲ್ಲಿ ತಾಳ ಹಾಕಿಕೊಂಡು, ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಪಲ್ಲವಿ ಹೇಳಿಕೊಳ್ಳಲಿ; ನಾಲಿಗೆ ತಡವರಿಸುವ ಕಡೆ ಪದ ಬದಲಿಸಲಿ. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಅವರು ಪದ, ರಾಗ ಎರಡನ್ನೂ ತಾವೇ ಮಾಡಿದ್ದರಿಂದಲೇ ಆ ಮಾತುಗಳು ಅಷ್ಟು ಸಲೀಸಾಗಿ ಬಾಯಿಗೆ ಬರುತ್ತವೆ ಎಂದು ನನ್ನ ಎಣಿಕೆ. ಪುಸ್ತಕದ ಕನ್ನಡಕ್ಕೆ ಹೋಗುವುದು ಬೇಡ. ನಿಮ್ಮ ಜಿಲ್ಲೆಯ ಚಿಲ್ಲೂರು ಬಡ್ನಿಯ ಹನುಮಂತ, ಕುರಿ ಕಾಯುತ್ತ ಹಾಡಿಕೊಂಡಿದ್ದವರು, ಟೀವಿಯಲ್ಲಿ ನಾಡಿಗೆಲ್ಲ ಪ್ರಿಯರಾದದ್ದು ತಮ್ಮೂರಿನ ಮಾತಿನಿಂದಲೇ.

ತಾಳಕ್ಕೆ ಕೀಬೋರ್ಡಿನಲ್ಲಿ ಸಿದ್ಧವಾಗಿ ಬರುವ ಪೆಟ್ಟನ್ನೇ ಹಾಕಿದರೆ ಹಾಡು ಹತ್ತರಲ್ಲಿ ಹನ್ನೊಂದಾಗುತ್ತದೆ. ನೀವು ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವಾಗ ಆ ಸದ್ದನ್ನು ಅವನು ಮೊಬೈಲಿನಲ್ಲಿ ಹಿಡಿದುಕೊಳ್ಳಲಿ. ನಾಲ್ಕು ಬಡಿತ ಕತ್ತರಿಸಿ ಮತ್ತೆ ಮತ್ತೆ ಜೋಡಿಸಿದರೆ ಅದೇ ತಾಳ. ಅಡಿಗೆ ಒಂದು ದಪ್ಪ ದನಿ, ಮೇಲೆ ತಂಬೂರಿಯಂಥ ಒಂದೇ ಎಳೆ. ಅಷ್ಟು ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೊದಲ ನುಡಿಯಲ್ಲಿ ಅವನ ದನಿಯ ಪಕ್ಕಕ್ಕೆ ಕೊಳಲಿನಂಥ ಇನ್ನೊಂದು ದನಿ ಇಡಲಿ. ಇವನು ಒಂದು ಸಾಲು ಹಾಡಿದರೆ ಅದು ಮರುಸಾಲು ನುಡಿಯಲಿ. ಎರಡನೆಯ ನುಡಿಗೆ ಬಂದಾಗ ಅದನ್ನು ಬಂದ್ ಮಾಡಿಬಿಡಲಿ. ಬೇರೇನನ್ನೂ ಆ ಜಾಗಕ್ಕೆ ತುಂಬಬಾರದು. ಇವನು ಸಾಲು ಹಾಡಿ ನಿಲ್ಲುತ್ತಾನೆ, ಉತ್ತರ ಬರುವುದಿಲ್ಲ, ರೊಟ್ಟಿಯ ಬಡಿತವೊಂದೇ ಕೇಳುತ್ತದೆ. ಅವಳು ಹೋದಳು ಎನ್ನಲು ಇದಕ್ಕಿಂತ ಮಾತು ಬೇಕೆ? ಎದುರಿಗೆ ಕೂತ ವಾದ್ಯಗಾರನಿಗೆ 'ನೀನು ಸುಮ್ಮನಿರು' ಎನ್ನುವುದು ಕಷ್ಟ. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರಾಯಿತು.

ಹಾಡನ್ನು ಹಿಡಿಯಲು ಸ್ಟುಡಿಯೋಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಸಣ್ಣ ಕೋಣೆಯಲ್ಲಿ ಹಗ್ಗ ಕಟ್ಟಿ ಎರಡು ಮೂರು ಕೌದಿ ಇಳಿಬಿಡಿ. ಗೋಡೆಯ ಮಾರ್ದನಿಯನ್ನು ಅವು ಹೀರಿಕೊಳ್ಳುತ್ತವೆ. ಫ್ಯಾನು ನಿಲ್ಲಿಸಿ. ಮೊಬೈಲು ಬಾಯಿಯಿಂದ ಒಂದು ಗೇಣು ದೂರ, ಕೊಂಚ ಓರೆಯಾಗಿರಲಿ, 'ಪ' 'ಫ'ಗಳು ಗಾಳಿ ಹೊಡೆಯುವುದಿಲ್ಲ. ಸೋಮವಾರ, ಗುರುವಾರ ಮಾರುಕಟ್ಟೆಯ ಲಾರಿಗಳ ಗದ್ದಲವಿದ್ದರೆ ಆ ದಿನ ಬಿಡಿ.

ಹಬ್ಬಕ್ಕೆ ಕೊಡುವ ಮೊದಲು ಓಣಿಯ ಗೆಳತಿಯೊಬ್ಬಳಿಗೆ ಹಾಡು ಕೇಳಿಸಿ, ಏನೂ ವಿವರ ಹೇಳಬೇಡಿ. ಕೇಳಿ ಮುಗಿದ ಮೇಲೆ ಆಕೆ "ಇದು ಆಕಿ ಮ್ಯಾಲ ಐತಲ್ಲ?" ಎಂದರೆ ಇನ್ನೂ ತಿದ್ದುವುದಿದೆ. ಸುಮ್ಮನೆ ಕೂತು, ತನ್ನದೇ ಯಾವುದೋ ನೆನಪಿಗೆ ಹೋಗಿ, "ಇನ್ನೊಮ್ಮಿ ಹಚ್ಚ" ಎಂದರೆ ಡಿಜೆಗೆ ಕೊಡಲಿ.